ನಾಲ್ಕನೆಯ ಶೀಲ

"ಇದು ಯಾರದು?" ಎಂದರು ವಿಮಲಾಬಾಯಿ.

ಗೋಡೆಯ ಗೂಡಿಗೆ ಅವರು ಕೈ ಹಾಕಿದ್ದು ಬಾಚಣಿಗೆಗಾಗಿ. ಕುರಕುಂಟಾದಿಂದ ರೈಲಿನಲ್ಲಿ ಕಿಟಕಿಗೆ ಕೂತು ಬಂದು ತಲೆಯೆಲ್ಲ ಕೆದರಿತ್ತು. ಮಗನಿಗೆ ಹೆಣ್ಣು ನೋಡಲು ಬಂದ ಮನೆಯಲ್ಲಿ ಹಾಗೇ ಕೂಡುವುದು ಚೆಂದವಲ್ಲ ಎಂದು ಎದ್ದಿದ್ದರು. ಬಾಚಣಿಗೆಯ ಜೊತೆ ಕೈಗೆ ಬಂದದ್ದು ಒಂದು ಗುಳಿಗೆ ಪಟ್ಟಿ, ಅರ್ಧ ಖಾಲಿಯಾದದ್ದು. ಅದನ್ನು ತಿರುಗಿಸಿ ಹೆಸರು ಓದಲೂ ಇಲ್ಲ. ಒಮ್ಮೆ ನೋಡಿದರು, ಮುಖದ ಕಳೆಯೇ ಹೋಯಿತು.

"ನಂದ್ರೀ ಅಕ್ಕಾ," ಎಂದಳು ಹುಡುಗಿಯ ತಾಯಿ ಅನಸುಬಾಯಿ, ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತ. "ಗಲ್ಲದ ನೋವಿಗಿ ತೊಗೋತೀನಿ."

"ಗಲ್ಲದ ನೋವಿಂದಲ್ಲ ತಂಗಿ ಇದು. ಮೂರ್ಛಿ ಗುಳಿಗಿ. ಫಿಟ್ಸಿಂದು."

ಅಷ್ಟೇ ನೋಡಿ. ಭಂಕೂರಿನ ಆ ಪುಟ್ಟ ಮನೆಯ ಯಜಮಾನ ಭಗವಂತನ ಕೈಯಲ್ಲಿದ್ದ ಬಿಸ್ಕಿಟು ಚಹಾದಲ್ಲಿ ಕರಗಿ ಬಿತ್ತು. ಸಂಬಂಧ ತಂದಿದ್ದ ಭಾಗಣ್ಣ ಬಾಯಿತುಂಬ ಚೂಡಾ ಇಟ್ಟುಕೊಂಡು ಅಗಿಯುವುದನ್ನೇ ಮರೆತ. ಬಾಗಿಲ ಹಿಂದೆ ಸೀರೆ ಉಟ್ಟು ನಿಂತಿದ್ದ ಹುಡುಗಿ ಲುಂಬಿನಿ ಕದದ ಸಂದಿಯಿಂದ ತಾಯಿಯ ಮುಖ ಹುಡುಕಿದಳು. ಅವ್ವನಿಗೆ ಫಿಟ್ಸಾ? ದಿನಾ ತನ್ನ ಕಣ್ಣೆದುರಿಗೇ ನುಂಗುತ್ತಿದ್ದ ಗುಳಿಗೆಯಲ್ಲವೇ ಅದು! ಇಷ್ಟು ದಿನ ಮನೆಯವರೆಲ್ಲ ಸೇರಿ ತನ್ನಿಂದ ಮುಚ್ಚಿಟ್ಟರೇ?

ಹುಡುಗ ಸುರೇಶಕುಮಾರ ಮಾತ್ರ ತಲೆ ಎತ್ತಲಿಲ್ಲ. ನೆಲದ ಕಲ್ಲಿನ ಸಂದಿಯನ್ನೇ ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ಮೊದಲು ಎಷ್ಟು ಚೆಂದ ಮಾತು ನಡೆದಿತ್ತು! ಭಗವಂತ ಅಳುಕುತ್ತ, "ನಮ್ಮ ಕೈಲಾದಷ್ಟು ಒಂದು ಗಾಡಿ ಕೊಡಸ್ತೀವ್ರಿ, ಹುಡುಗಗ ಸೇಡಂ ಆಫೀಸಿಗಿ ಹೋಗಿ ಬರ್ಲಿಕ್ಕೆ ಆಗ್ತದ" ಎಂದಾಗ ವಿಮಲಾಬಾಯಿ ಕೈ ಅಡ್ಡ ಆಡಿಸಿದ್ದರು. "ಗಾಡಿ ಗೀಡಿ ಏನೂ ಬ್ಯಾಡ್ರಿ ಅಣ್ಣಾ. ನಮ್ಮವ ಬಸ್ಸಿನ್ಯಾಗೇ ಹೋಗ್ತಾನ." ಇಂದಿನ ಕಾಲದಲ್ಲಿ ಮೋಟಾರ್ ಸೈಕಲ್ ಬೇಡ ಎನ್ನುವ ಗಂಡಿನ ಕಡೆಯವರು! ಭಗವಂತ ತಾನೇ ಎದ್ದು ಚೂಡಾದ ತಟ್ಟೆಯನ್ನು ಅವರ ಮುಂದೆ ಸರಿಸಿದ್ದ.

ವಿಮಲಾಬಾಯಿ ಚಹಾ ಕುಡಿಯಲಿಲ್ಲ. "ಆಮ್ಯಾಲ ಹೇಳಿ ಕಳಸ್ತೀವ್ರಿ" ಎಂದು ಎದ್ದರು. ಬಾಚಣಿಗೆ ಮತ್ತು ಗುಳಿಗೆ ಪಟ್ಟಿ ಎರಡನ್ನೂ ಎಲ್ಲಿದ್ದವೋ ಅಲ್ಲೇ ಇಟ್ಟರು.

ಅನಸುಬಾಯಿಯ ನೋವಿನ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಒಂದು ಮುಂಜಾನೆ ಮುಖ ತೊಳೆಯುವಾಗ ಎಡಗಲ್ಲಕ್ಕೆ ನೀರು ತಾಗಿದ್ದೇ ತಡ, ಕರೆಂಟು ಹೊಡೆದಂತಾಗಿ ಚೊಂಬು ಕೈಬಿಟ್ಟಿದ್ದಳು. ಆಮೇಲೆ ರೊಟ್ಟಿ ಅಗಿದರೂ ಅದು, ಗಾಳಿ ಬೀಸಿದರೂ ಅದು. ಹಲ್ಲಿನದೇ ಇರಬೇಕೆಂದು ಹಲ್ಲಿನ ಡಾಕ್ಟರು ಒಂದು ಕಿತ್ತ. ಕಡಿಮೆಯಾಗಲಿಲ್ಲ ಎಂದು ಬಾಜುವಿನದನ್ನೂ ಕಿತ್ತ. ಗಟ್ಟಿಮುಟ್ಟಾದ ಎರಡು ದವಡೆ ಹಲ್ಲು ಸುಮ್ಮನೆ ಹೋದವು. ಕೊನೆಗೆ ಕಲಬುರಗಿಯ ದೊಡ್ಡ ಡಾಕ್ಟರು ಈ ಗುಳಿಗೆ ಬರೆದುಕೊಟ್ಟ ಮೇಲೆ ನೋವು ಇತ್ತೋ ಇಲ್ಲವೋ ಎಂಬಂತೆ ಹೋಯಿತು. ಈ ಗುಳಿಗೆ ಇನ್ನಾವ ಜಡ್ಡಿಗೆ ಕೊಡುತ್ತಾರೆ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ನೋವು ಹೋದ ಮೇಲೆ ಅದನ್ನೆಲ್ಲ ಯಾರು ಕೇಳುತ್ತಾರೆ?

ಲುಂಬಿನಿ ಕೇಳಿದಳು. ಶಹಾಬಾದದ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವ ಹುಡುಗಿ ಅವಳು. ಮರುದಿನ ಶಾಲೆ ಬಿಟ್ಟದ್ದೇ ಪರಿಚಯದ ಡಾಕ್ಟರ್ ತಬಸ್ಸುಮ್ ಅವರ ಮುಂದೆ ಆ ಪಟ್ಟಿ ಇಟ್ಟಳು.

"ಹೌದಮ್ಮ, ಫಿಟ್ಸಿಗಿ ಕೊಡೋದೇ," ಎಂದರು ಡಾಕ್ಟರು. ಲುಂಬಿನಿ ಕುರ್ಚಿಯ ಅಂಚಿಗೆ ಸರಿದಳು. "ಆದ್ರ ಫಿಟ್ಸಿಗಷ್ಟೇ ಅಲ್ಲ. ನಿಮ್ಮ ಅಪ್ಪಾಜಿ ಏನ್ ಮಾಡ್ತಾರ?"

"ಫರ್ಸಿ ಕಲ್ಲಿನ ಪಾಲಿಷ್ ಮಷಿನ್ ಮ್ಯಾಲ ಇರ್ತಾರ್ರೀ."

"ಮಷಿನ್ ವೈರಿನ ಮ್ಯಾಲಿನ ರಬ್ಬರ್ ಕಿತ್ತು ಹೋದ್ರ ಏನಾಗ್ತದ?"

"ಕಿಡಿ ಹಾರ್ತದ."

"ನರದಾಗೂ ಒಂಥರಾ ಕರೆಂಟೇ ಹರಿಯೋದು. ನಿಮ್ಮವ್ವಗ ಮುಖದ ನರದ ರಬ್ಬರ್ ಸವದದ ಅಂತ ತಿಳಕೋ. ಮುಟ್ಟಿದ್ರ ಸಾಕು, ಕಿಡಿ. ಫಿಟ್ಸ್ ಇದ್ದೋರಿಗೆ ಅದೇ ಗದ್ದಲ ಮಿದುಳಿನ್ಯಾಗ ಏಳ್ತದ. ಈ ಗುಳಿಗಿ ನರದ ಸಣ್ಣ ಸಣ್ಣ ಬಾಗಿಲಾ ಸ್ವಲ್ಪ ಬಿಗಿ ಮಾಡ್ತದ, ಕರೆಂಟ್ ಒಂದರ ಹಿಂದೊಂದು ನುಗ್ಗಿ ಬರಂಗಿಲ್ಲ. ಗುಳಿಗಿಗೇನು ಗೊತ್ತು ಯಾರಿಗಿ ಯಾವ ಜಡ್ಡು ಅಂತ? ಎಲ್ಲಿ ಗದ್ದಲ ಅದ ಅಲ್ಲಿ ತಗ್ಗಸ್ತದ." ಡಾಕ್ಟರು ಪಟ್ಟಿಯನ್ನು ಅವಳ ಕಡೆ ಸರಿಸಿದರು. "ಇನ್ನೊಂದು ಮಾತು. ಫಿಟ್ಸ್ ಇದ್ರೂ ಏನು? ತಪ್ಪದ ಗುಳಿಗಿ ತೊಗೊಂಡ್ರ ಭಾಳ ಮಂದಿ ನನ್ನಂಗ ನಿನ್ನಂಗ ಇರ್ತಾರ. ಹೇಳದ ಕೇಳದ ಒಮ್ಮೆಲೆ ಬಿಟ್ರ ಮಾತ್ರ ಕೆಟ್ಟದು. ಯಾರೇ ಇರಲಿ."

ಲುಂಬಿನಿ ಟಂಟಂ ಆಟೋ ಹತ್ತಿ ಊರಿಗೆ ಬಂದಾಗ ಅವಳ ಕಾಲು ನೆಲದ ಮೇಲೆ ಇರಲಿಲ್ಲ. ಇದೇ ಮಾತನ್ನು ಇದ್ದದ್ದಿದ್ದಂತೆ ಕುರಕುಂಟಾಕ್ಕೆ ಹೇಳಿ ಕಳಿಸಿದರಾಯಿತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಹೆಚ್ಚು ಮಾತಾಡದಿದ್ದರೂ, ಹೋಗುವಾಗ ಒಮ್ಮೆ ತಿರುಗಿ ನೋಡಿದ್ದ.

ಮನೆಯಲ್ಲಿ ಭಾಗಣ್ಣ ಆಗಲೇ ಪೇಡೆಯ ಡಬ್ಬಿ ತೆರೆದು ಕೂತಿದ್ದ. "ಬಾ ತಂಗಿ, ಬಾಯಿ ಸಿಹಿ ಮಾಡ್ಕೋ. ಎಲ್ಲಾ ಸರಿ ಮಾಡೀನಿ. ಆ ಗುಳಿಗಿ ನಿಮ್ಮವ್ವುಂದಲ್ಲ, ಬಾಜು ಮನಿ ಸುಂದರಬಾಯಿದು, ಗಾಬರ್ಯಾಗಿ ನಂದಂದ್ಲು ಅಂತ ಹೇಳಿ ಬಿಟ್ಟೆ. ಪಾಪ, ವಿಮಲಾಬಾಯಿಯವರ ಮುಖ ಹಿಂಗ ಅರಳಿತು ನೋಡು! ಬರೋ ತಿಂಗಳ ಮೊದಲನೇ ಐತ್ವಾರ ಸಕ್ರಿ ಪುಡಿ ಮಾಡಿ ನಿಶ್ಚಯ ಮುಗಸೋದು."

"ಖರೇನೇ ಹೇಳಿದ್ರ ಆಗ್ತಿತ್ತಲ್ಲ ಕಾಕಾ! ಅವ್ವಗ ಫಿಟ್ಸಿಲ್ಲ, ಡಾಕ್ಟರಮ್ಮ ಹೇಳ್ಯಾರ."

"ನಿನ್ನ ಡಾಕ್ಟರಮ್ಮನ್ನ ಹೊತ್ಕೊಂಡು ಕುರಕುಂಟಾಕ್ಕ ಹೋಗ್ಲೇನು? ಮಂದಿ ಗುಳಿಗಿ ನೋಡ್ತಾರ, ಪಾಠ ಕೇಳಂಗಿಲ್ಲ. ಆಗಿದ್ದು ಆತು, ಸುಮ್ನಿರು."

ಭಗವಂತ ಹೆಂಡತಿಯ ಮುಖ ನೋಡಿದ, ಹೆಂಡತಿ ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಅದರ ಪಕ್ಕದ ಬಾಬಾಸಾಹೇಬರ ಪಟವನ್ನೂ ನೋಡಿದಳು. ಆಮೇಲೆ ಎಲ್ಲರೂ ಪೇಡೆ ತಿಂದರು.

ಆದರೆ ಅನಸುಬಾಯಿಗೆ ಆ ಪೇಡೆ ಸಿಹಿ ಅನ್ನಿಸಲಿಲ್ಲ. ಆ ಮನೆಯಲ್ಲಿ ದಿನಾ ಮುಂಜಾನೆ ಮೇಣದ ಬತ್ತಿ ಹಚ್ಚಿ ಪಂಚಶೀಲ ಹೇಳಿದ ಮೇಲೇ ಒಲೆ ಹೊತ್ತುತ್ತಿದ್ದದ್ದು. ನಾಲ್ಕನೆಯ ಶೀಲ, ಸುಳ್ಳು ಹೇಳುವುದಿಲ್ಲ ಎನ್ನುವುದು. ಸಕ್ಕರೆ ಪುಡಿಯ ದಿನ ಎರಡೂ ಕಡೆಯ ಮಂದಿ ಎದುರುಬದುರು ನಿಂತು ಅದನ್ನೇ ಗಟ್ಟಿಯಾಗಿ ಹೇಳಬೇಕು. ಗೂಡಿನಲ್ಲಿ ಗುಳಿಗೆ ಇಟ್ಟುಕೊಂಡು, ಅದು ನಂದಲ್ಲ ಎಂದು ಬೀಗತಿಯನ್ನು ನಂಬಿಸಿ, ಆ ಮಾತನ್ನು ಯಾವ ಬಾಯಿಂದ ಹೇಳುವುದು? ಖರೆ ಹೇಳಿದರೆ ಮಗಳ ಸಂಬಂಧ ಹೋಗುತ್ತದೆ. ಸುಳ್ಳು ಹೇಳಿದರೆ ಶೀಲ ಹೋಗುತ್ತದೆ. ಎರಡು ದಿನ ತಲೆ ಕೆಡಿಸಿಕೊಂಡವಳಿಗೆ ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಅಯ್ಯೋ, ಆ ಉಪಾಯವೇ! ಹೊಳೆಯದಿದ್ದರೇ ಚೆನ್ನಾಗಿತ್ತು.

ಮನೆಯಲ್ಲಿದ್ದ ಗುಳಿಗೆಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಾಜು ಮನೆಗೆ ಹೋದಳು.

"ಸುಂದರವ್ವಾ, ಇವು ಇನ್ಮ್ಯಾಲ ನಿನ್ನವು. ನಿನಗ ಕೊಟ್ಟುಬಿಟ್ಟೀನಿ."

"ಯವ್ವಾ, ನಾ ಏನ್ ಮಾಡ್ಲಿ ಇವ? ನನಗೆಲ್ಲಿ ನೋವದ?"

"ಏನೂ ಮಾಡಬ್ಯಾಡ. ಸುಮ್ಮ ಇಟಗೋ. ಗುಳಿಗಿ ಸುಂದರಬಾಯಿದು ಅಂತ ಹೇಳ್ಯಾರ, ಸುಂದರಬಾಯಿದೇ ಆಗ್ಲಿ. ಸುಳ್ಳು ಉಳಿಯಂಗಿಲ್ಲ."

ಹೀಗೆ ಸುಳ್ಳನ್ನು ಖರೆ ಮಾಡಿ ಅನಸುಬಾಯಿ ಹಗುರಾಗಿ ಮನೆಗೆ ಬಂದಳು. ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಲುಂಬಿನಿ ಒಮ್ಮೆ "ಗುಳಿಗಿ ತೊಗೊಂಡೇನವ್ವಾ?" ಎಂದು ಕೇಳಿದಾಗ ಹೂಂ ಎಂದರೆ ಮತ್ತೆ ಸುಳ್ಳಾಗುತ್ತದಲ್ಲ ಎಂದು, "ನಿನ್ನ ಸೀರಿಗಿ ಫಾಲ್ ಹಚ್ಚಿಸ್ಯಾರೇನು ಮೊದಲ ನೋಡು" ಎಂದು ಮಾತು ತಿರುಗಿಸಿದಳು.

ಮೊದಲು ಏನೂ ಆಗಲಿಲ್ಲ. ನೋಡು, ಬೇಕೇ ಇದ್ದಿಲ್ಲ ಎಂದುಕೊಂಡಳು. ಆಮೇಲೆ ಒಂದು ಸಂಜೆ ಒಲೆ ಊದುವಾಗ ಎಡಗಲ್ಲದಲ್ಲಿ ಸಣ್ಣಗೆ ಚುರ್ರೆಂದಿತು. ಸಕ್ಕರೆ ಪುಡಿ ಹತ್ತಿರ ಬರುವಷ್ಟರಲ್ಲಿ ಅವಳು ಅರ್ಧ ಮುಖವನ್ನಷ್ಟೇ ತೊಳೆಯುತ್ತಿದ್ದಳು. ರೊಟ್ಟಿ ಬಿಟ್ಟು ಗಂಜಿಯನ್ನು ಬಲಗಡೆಯಿಂದ ಹೀರುತ್ತಿದ್ದಳು. ಮಾತು ಕಡಿಮೆಯಾಯಿತು. ಮಗಳು ಹೋಗುತ್ತಾಳೆಂದು ಒಳಗೊಳಗೇ ಅಳಾಕತ್ತಾಳ ಎಂದು ಓಣಿಯ ಹೆಂಗಸರು ಮರುಗಿದರು. ಇನ್ನು ಸ್ವಲ್ಪ ದಿನ, ಅಷ್ಟೇ ಎಂದು ಅವಳು ಹಲ್ಲು ಕಚ್ಚಲೂ ಆಗದೆ ತಾಳಿಕೊಂಡಳು.

ಐತ್ವಾರ ಬಂತು. ಅಂಗಳದಲ್ಲಿ ಹಂದರ ಹಾಕಿದ್ದರು. ಭಗವಂತ ತಾನೇ ಪಾಲಿಷ್ ಮಾಡಿದ ನುಣುಪು ಕಲ್ಲುಗಳನ್ನು ಸಾಲಾಗಿ ಹಾಸಿ, ಅವುಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದ. ಕುರಕುಂಟಾದವರು ಮುಂಜಾನೆಯ ರೈಲಿಗೇ ಬಂದಿಳಿದರು. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಭಾಗಣ್ಣನೇ ಮುಂದೆ ನಿಂತು ಶೀಲ ಹೇಳಿಸಿದ. ಅವನ ದನಿಯೋ, ಸುಳ್ಳು ಅಂದರೇನು ಎಂದೇ ಗೊತ್ತಿಲ್ಲದವನ ದನಿ!

ನಾಲ್ಕನೆಯದು ಬಂದಾಗ ಅನಸುಬಾಯಿ ಗಲ್ಲದ ಉರಿಯನ್ನೂ ಲೆಕ್ಕಿಸದೆ ದನಿ ಎತ್ತಿ ಹೇಳಿದಳು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ? ಎದುರಿಗಿದ್ದ ವಿಮಲಾಬಾಯಿಯ ತುಟಿ ಮಾತ್ರ ಆಗ ಆಡಲಿಲ್ಲ. ಆಕೆ ಬಗ್ಗಿ ಮೇಣದ ಬತ್ತಿಯನ್ನು ಸರಿ ಮಾಡುತ್ತಿದ್ದರು. ಬತ್ತಿ ನೆಟ್ಟಗೇ ಇತ್ತು.

ಹಿತ್ತಾಳೆಯ ತಾಟಿನಲ್ಲಿ ಸಕ್ಕರೆ ತಂದಿಟ್ಟರು. ಹುಡುಗ ಹುಡುಗಿ ಒಬ್ಬರ ಬಾಯಿಗೊಬ್ಬರು ಸಕ್ಕರೆ ಇಡಬೇಕು, ಅಲ್ಲಿಗೆ ಮಾತು ಗಟ್ಟಿ. ಲುಂಬಿನಿಯ ಪಕ್ಕದಲ್ಲಿ ಸುರೇಶಕುಮಾರ ಬಂದು ಕೂತ. ಆ ಜೋಡಿಯನ್ನು ನೋಡಿ ವಿಮಲಾಬಾಯಿಗೆ ತಡೆಯಲಾಗಲಿಲ್ಲ. ಗಂಡ ಹೋದ ಮೇಲೆ ಅಂಗನವಾಡಿಯಲ್ಲಿ ದುಡಿದು ಸಾಕಿದ ಒಬ್ಬನೇ ಮಗ. ಕಣ್ಣು ತುಂಬಿಕೊಂಡು, "ಬೀಗತಿ, ಎಂಥಾ ಮಗಳನ್ನ ಹಡದೀಯವ್ವಾ!" ಎನ್ನುತ್ತ ಬಂದು ಎರಡೂ ಕೈಗಳಿಂದ ಅನಸುಬಾಯಿಯ ಎರಡೂ ಗಲ್ಲ ಸವರಿ, ದೃಷ್ಟಿ ತೆಗೆಯಲೆಂದು ತನ್ನ ಕಪಾಳಕ್ಕೆ ಬೆರಳು ಒತ್ತಿ ಲಟಿಕೆ ಮುರಿದರು.

ಲಟಿಕೆಯ ಸದ್ದು ಯಾರಿಗೂ ಕೇಳಿಸಲಿಲ್ಲ. ಅನಸುಬಾಯಿ ಕಿರುಚಿದ ಕಿರುಚು ಹಾಗಿತ್ತು.

ನಿಂತವಳು ನಿಂತಲ್ಲೇ ಕುಸಿದಳು. ಎಡಗಲ್ಲವನ್ನು ಮುಟ್ಟಲೂ ಆಗದೆ ಬಿಡಲೂ ಆಗದೆ ಕೈ ಗಾಳಿಯಲ್ಲಿ ನಡುಗುತ್ತಿತ್ತು. ಮುಖದ ಅರ್ಧ ಭಾಗ ಸೊಟ್ಟಗೆ ಸೆಳೆಯಿತು, ಬಾಯಿಂದ ಜೊಲ್ಲು ಇಳಿಯಿತು. ಅಂಗಳಕ್ಕೆ ಅಂಗಳವೇ ಬೆಚ್ಚಿ ಎದ್ದು ನಿಂತಿತು.

"ಫಿಟ್ಸ್! ಫಿಟ್ಸ್ ಬಂತು!"

"ಕಬ್ಬಿಣ ಕೊಡ್ರೋ ಕೈಯಾಗ! ಕೀಲಿಕೈ, ಕೀಲಿಕೈ!"

"ಚಪ್ಪಲ್ ಮೂಸಸ್ರಿ!"

ಯಾರೋ ಕೀಲಿ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ಇನ್ನಾರೋ ಹಳೆಯ ಚಪ್ಪಲಿಯನ್ನು ಮೂಗಿಗೆ ಒತ್ತಿ ಹಿಡಿದರು. ಚಪ್ಪಲಿಯ ಅಂಚು ಗಲ್ಲಕ್ಕೆ ತಾಗಿ ಅವಳು ಮತ್ತೆ ಚೀರಿದಳು. "ಬಿಡ್ರಿ, ಮುಟ್ಟಬ್ಯಾಡ್ರಿ!" ಎಂದು ಲುಂಬಿನಿ ಕೂಗಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಗಂಡಿನ ಕಡೆಯ ಹಿರಿಯನೊಬ್ಬ ಆಗಲೇ ಹೆಗಲ ವಸ್ತ್ರ ಕೊಡವಿ, "ನಡೀರಿ, ನಡೀರಿ. ಫಿಟ್ಸಿನ ಮನಿ. ಮೋಸ ಮಾಡ್ಯಾರ" ಎಂದು ಎದ್ದಿದ್ದ.

"ಸರೀರಿ ಎಲ್ಲಾರೂ!"

ಕೂಗಿದ್ದು ವಿಮಲಾಬಾಯಿ. ಚಪ್ಪಲಿ ಹಿಡಿದವನ ಕೈಯನ್ನು ಫಟ್ಟನೆ ಹೊಡೆದು ಕೆಳಗೆ ಹಾಕಿದರು. "ಇದು ಫಿಟ್ಸ್ ಅಲ್ಲ! ಕಣ್ಣು ನೋಡ್ರಿ ಅಕಿದು. ನನ್ನೇ ನೋಡ್ಲಿಕತ್ತಾಳ, ಕರದ್ರ ತಿರಗ್ತಾಳ. ಫಿಟ್ಸ್ ಬಂದಾಗ ಎದುರಿಗಿ ಹಡದವ್ವ ನಿಂತ್ರೂ ಗುರ್ತಾ ಹತ್ತಂಗಿಲ್ಲ. ಹಲ್ಲು ಗಿಟಕರಸ್ತದ, ಕೈಕಾಲು ಬಡೀತಾವ, ಎದ್ದ ಮ್ಯಾಲ ತನಗೇನಾಗಿತ್ತಂತ ತನಗೇ ಗೊತ್ತಿರಂಗಿಲ್ಲ. ಇದು ಅದಲ್ಲ. ಇದು ಅದಲ್ಲ!"

ಕೀಲಿ ಗೊಂಚಲು ತುರುಕಿದವರು ಕೈ ಹಿಂದೆ ತೆಗೆದರು.

"ನಿಮಗ ಹೆಂಗ ಗೊತ್ರೀ ಅಕ್ಕಾ ಇಷ್ಟೆಲ್ಲಾ?" ಎಂದ ಭಗವಂತ. ಅವನು ಕೊಂಕಿನಿಂದ ಕೇಳಿರಲಿಲ್ಲ. ಪಾಪ, ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ.

ವಿಮಲಾಬಾಯಿ ಬಗ್ಗಿ ಅನಸುಬಾಯಿಯ ಬಾಯಿ ಹತ್ತಿರ ಕಿವಿ ಇಟ್ಟರು. "ಗುಳಿಗಿ... ಬಿಟ್ಟೀನಿ ಅಕ್ಕಾ. ಸುಂದರವ್ವಗ ಕೊಟ್ಟೀನಿ. ನಿಮಗ ಹೇಳಿದ್ದು ಸುಳ್ಳಾಗಬಾರ್ದಂತ..." ಎಂಬ ಮಾತು ತುಂಡು ತುಂಡಾಗಿ ಬಂತು. ಲುಂಬಿನಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಸುಂದರಬಾಯಿ ಬಾಯಿ ಬಡಿದುಕೊಂಡು ತನ್ನ ಮನೆಯ ಕಡೆ ಓಡಿದಳು.

ಅವಳು ಬರುವವರೆಗೂ ವಿಮಲಾಬಾಯಿ ಕಾಯಲಿಲ್ಲ. ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರು. ಸುಣ್ಣದ ಡಬ್ಬಿ ಬಂತು, ಅಡಿಕೆ ಬಂತು, ಆಮೇಲೆ ಪಟ್ಟಿಯಿಂದ ಕತ್ತರಿಸಿಟ್ಟುಕೊಂಡಿದ್ದ ಒಂದೇ ಒಂದು ಗುಳಿಗೆ ಬಂತು. ಲುಂಬಿನಿ ಅದನ್ನು ಕಿತ್ತುಕೊಂಡು ಹಾಳೆಯ ಹಿಂದೆ ಉಳಿದಿದ್ದ ಅಕ್ಷರ ಓದಿದಳು. ಅದೇ ಹೆಸರು, ಅದೇ ತೂಕ. ಓದಿ, ತಲೆ ಎತ್ತಿ ನೋಡಿದಳು. ವಿಮಲಾಬಾಯಿ ಆ ಗುಳಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದು, ಬಲಗಡೆಯಿಂದ ಹುಷಾರಾಗಿ ಅನಸುಬಾಯಿಯ ನಾಲಿಗೆಯ ಮೇಲಿಟ್ಟು ನೀರು ಹನಿಸಿದರು. ದಿನಾ ಮಾಡುವ ಕೈ ಅದು, ಒಂದಿಷ್ಟೂ ತಡವರಿಸಲಿಲ್ಲ.

ಈಗ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಹೆಗಲ ವಸ್ತ್ರ ಕೊಡವಿದ್ದ ಹಿರಿಯ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಕೂತ. ಭಾಗಣ್ಣ ಮೆಲ್ಲಗೆ ಮಂದಿಯ ಹಿಂದಕ್ಕೆ ಸರಿದ.

"ಅವು ನನ್ನವು," ಎಂದ ಸುರೇಶಕುಮಾರ. ಆ ಮನೆಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದೇ. "ಹತ್ತನೇ ಕ್ಲಾಸಿನ್ಯಾಗ ಇದ್ದಾಗಿಂದ ತೊಗೋತೀನಿ. ಅವ್ವುಂದೇನೂ ತಪ್ಪಿಲ್ಲ. ನಾನೇ ಹೇಳ್ಬೇಕಿತ್ತು."

"ಅದಕ್ಕ ಗಾಡಿ ಬ್ಯಾಡಂದ್ರೇನು?" ಎಂದಳು ಲುಂಬಿನಿ.

"ಹೂಂ."

ಭಗವಂತ ಕೂತುಬಿಟ್ಟ. ಆ ಗಾಡಿಯ ಮಾತನ್ನು ಅವನು ಕೆಲಸದ ಕಲ್ಲಿನ ಯಾರ್ಡಿನಲ್ಲಿ ಯಾರಿಗೆಲ್ಲ ಹೇಳಿ ಹೆಮ್ಮೆ ಪಟ್ಟಿದ್ದನೋ!

ವಿಮಲಾಬಾಯಿ ಅನಸುಬಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅಳತೊಡಗಿದರು. "ನಿಮ್ಮ ಮನಿ ಗೂಡಿನ್ಯಾಗ ಅದನ್ನ ನೋಡಿ ನನ್ನ ಜೀವ ಹಾರಿತು ಯವ್ವಾ. ನಮ್ಮನ್ಯಾಗ ಒಂದದ, ಇಲ್ಲೂ ಅದ ಅಂದ್ರ ನಾಳಿ ಹುಟ್ಟೋ ಕೂಸಿನ ಗತಿ ಏನಂತ ಅಂಜಿದೆ. ನಿಮಗ ಕೇಳಿದೆ. ನಂದು ಹೇಳ್ಲಿಲ್ಲ. ಇದಕ್ಕ ಮೊದಲ ಹೇಳಿದ್ದೆ ಎರಡು ಕಡಿ, ಎರಡೂ ಕಡಿ ಎದ್ದು ಹೋದ್ರು." ಗಲ್ಲ ಸವರಿದ್ದ ತನ್ನ ಕೈಗಳನ್ನು ನೋಡಿಕೊಂಡರು. "ನಾನೇ ಮುಟ್ಟಿದ್ನಲ್ಲ. ನಾನೇ."

ಅನಸುಬಾಯಿಗೆ ನೋವಿನ ಆ ಏಟು ಹಾದು ಹೋಗಿತ್ತು. ಹಾಗೇ ಅದು, ಬಂದಷ್ಟೇ ಬೇಗ ಬಿಡುತ್ತದೆ. ಮತ್ತೆ ಯಾವಾಗ ಎನ್ನುವ ಹೆದರಿಕೆ ಮಾತ್ರ ಬಿಡುವುದಿಲ್ಲ. ಅವಳು ಏನೋ ಹೇಳಲು ಹೋಗಿ, ಬಾಯಿ ಆಡಿಸಲು ಅಂಜಿ, ಬೀಗತಿಯ ಮಣಿಕಟ್ಟನ್ನು ಹಿಡಿದುಕೊಂಡಳು.

ಸುಂದರಬಾಯಿ ಏದುಸಿರು ಬಿಡುತ್ತ ಗುಳಿಗೆಯ ಗಂಟನ್ನು ತಂದು ಬಿಳಿ ಬಟ್ಟೆಯ ಮೇಲೆ ಸುರಿದಳು. ಲುಂಬಿನಿ ಅದನ್ನೇ ನೋಡುತ್ತ ಕೂತಳು. ಸಿಟ್ಟು ಬಂದಿತ್ತು ಅವಳಿಗೆ. ಅವ್ವನ ಮೇಲೆ, ಭಾಗಣ್ಣನ ಮೇಲೆ, ಈ ವಿಮಲಾಬಾಯಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಪಕ್ಕದಲ್ಲಿ ನಿಂತ ಈ ಮನುಷ್ಯನ ಮೇಲೆ. ತಿರುಗಿ ನೋಡಿದ್ದನಲ್ಲ ಆ ದಿನ, ಆಗ ಒಂದು ಮಾತು ಹೇಳಬಹುದಿತ್ತಲ್ಲ. ಆಮೇಲೆ ಅವಳಿಗೆ ಇನ್ನೇನೋ ಹೊಳೆಯಿತು.

"ಅದು ಒಂದೇ ಇತ್ತಲ್ಲ ಚೀಲದಾಗ," ಎಂದಳು. "ಮುಂಜಾನಿಂದು ತೊಗೊಂಡೀರೇನು ನೀವು?"

ಸುರೇಶಕುಮಾರ ಇಲ್ಲವೆಂದು ತಲೆ ಅಲ್ಲಾಡಿಸಿದ. "ರೈಲಿನ್ಯಾಗ ಎಲ್ಲಾರೂ ಇದ್ರು. ಊಟ ಆದಮ್ಯಾಲ ಮನಿ ಹಿಂದಿನ ಸಂದ್ಯಾಗ ಹೋಗಿ ತೊಗೋಬೇಕಂತ..."

ಲುಂಬಿನಿ ಎದ್ದಳು. ರಾಶಿಯಿಂದ ಒಂದು ಪಟ್ಟಿ ತೆಗೆದು, ಅಕ್ಷರವನ್ನು ಇನ್ನೊಮ್ಮೆ ಓದಿ, ಗುಳಿಗೆಯೊಂದನ್ನು ಒತ್ತಿ ಬಿಡಿಸಿದಳು. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಹಂದರದ ತುಂಬ ಮಂದಿ ನೋಡುತ್ತಿದ್ದರು.

"ಸಕ್ರಿ ಕೊಡ್ತೀನೋ ಇಲ್ಲೋ, ನನಗಿನ್ನಾ ಗೊತ್ತಿಲ್ಲ," ಎಂದಳು. "ಮೊದಲ ಇದನ್ನ ತೊಗೋರಿ. ಇಲ್ಲೇ, ಎಲ್ಲಾರ ಮುಂದ."

ಅವನು ಅಂಗೈ ಚಾಚಿದ. ಗುಳಿಗೆ ಬಾಯಿಗೆ ಹಾಕಿಕೊಂಡು, ತಲೆ ಎತ್ತಿ, ಒಂದೇ ಗುಟುಕಿಗೆ ನೀರು ಕುಡಿದ. ಅವನ ಗಂಟಲು ಇಳಿದು ಏರಿದ್ದನ್ನು ನೋಡಿದ ಮೇಲೆಯೇ ಲುಂಬಿನಿ ಲೋಟಕ್ಕೆ ಕೈ ನೀಡಿದಳು. ಹಿತ್ತಾಳೆಯ ತಾಟಿನ ಅಂಚಿನಲ್ಲಿ ಇರುವೆಗಳು ಆಗಲೇ ಹತ್ತುತ್ತಿದ್ದವು. ಅವಳು ಬಗ್ಗಿ, ಅವನ್ನು ಊದಿ ಕೆಡವಿ, ಸಕ್ಕರೆಯ ಮೇಲೆ ಒಂದು ತಟ್ಟೆ ಮುಚ್ಚಿದಳು.